ತೂಗುಕುಂಡದಲ್ಲಿ ಮನೆಯ ಸೊಪ್ಪು



ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ಟೊಮೇಟೊ ಇವುಗಳ ವಿಷಯವಾಗಿ ನೀವು ಬೇಕಾದಷ್ಟು ಕೇಳಿದ್ದೀರಿ. ಇಂದು ಸ್ವಲ್ಪ ಹೊತ್ತು ಹೊಲ ಬಿಟ್ಟು ಮನೆಯ ಜಗುಲಿಗೆ ಬರೋಣ. ಜಗುಲಿಯ ಸೂರಿಗೆ ಒಂದು ಕುಂಡ ತೂಗುಹಾಕಿ, ಅದರಲ್ಲಿ ನಾಲ್ಕು ಎಲೆ ಸೊಪ್ಪು ಬೆಳೆದುಕೊಳ್ಳುವುದು ಹೇಗೆಂಬುದೇ ಈ ಹೊತ್ತಿನ ಮಾತು. ಇದಕ್ಕೆ ಪೇಟೆಯಿಂದ ಕುಂಡ ತರಬೇಕಾಗಿಲ್ಲ. ಬೇಕಾದುದೆಲ್ಲ ನಿಮ್ಮ ಹಿತ್ತಿಲಲ್ಲೇ ಬಿದ್ದಿದೆ.

ಒಮ್ಮೆ ಎದ್ದು ಹೋಗಿ ಕಣ್ಣಾಡಿಸಿ. ಬಾಯಿ ಒಡೆದ ಪ್ಲಾಸ್ಟಿಕ್ ಕೊಡ, ಅಡುಗೆ ಎಣ್ಣೆ ಖಾಲಿಯಾದ 5 ಲೀಟರಿನ ಕ್ಯಾನು, ತೋಟದಿಂದ ಕಿತ್ತು ಸುತ್ತಿಟ್ಟ ಹಳೆಯ ಡ್ರಿಪ್ ಪೈಪು, ಹರಿದ ಸೀರೆ, ತೂತುಬಿದ್ದ ಗೋಣಿಚೀಲ. ಇವುಗಳಲ್ಲಿ ಅರ್ಧ ತಿಪ್ಪೆ ಸೇರುತ್ತದೆ, ಅರ್ಧ ಒಲೆ ಸೇರುತ್ತದೆ. ತಿಪ್ಪೆ ಸೇರಿದ ಪ್ಲಾಸ್ಟಿಕ್ ಚೂರು ದನದ ಹೊಟ್ಟೆಗೆ ಹೋಗುತ್ತದೆ. ಒಲೆ ಸೇರಿದ್ದು ಕೆಟ್ಟ ಹೊಗೆಯಾಗಿ, ಒಲೆಯ ಮುಂದೆ ಕೂತ ನಮ್ಮ ತಾಯಂದಿರ ಎದೆಗೆ ಹೋಗುತ್ತದೆ.

ಇನ್ನೊಂದು ಸಂಗತಿ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿದವರು, ಚಿಂತಾಮಣಿಗೆ ಟೊಮೇಟೊ ಹಾಕಿದವರು, ಊರಿಗೆ ಮರಳುವಾಗ ಬಸ್ ನಿಲ್ದಾಣದ ಹತ್ತಿರ ಎರಡು ಕಟ್ಟು ಸೊಪ್ಪು ಕೊಂಡು ಚೀಲಕ್ಕೆ ಹಾಕುವುದನ್ನು ನಾನು ನೋಡಿದ್ದೇನೆ. ಕೊಳ್ಳುವುದು ತಪ್ಪೆಂದು ಹೇಳುತ್ತಿಲ್ಲ. ಆದರೆ ಗೂಡಿನ ದರ ಬಿದ್ದ ವಾರ ಏನಾಗುತ್ತದೆ? ಎಣ್ಣೆ ಬರುತ್ತದೆ, ಸಕ್ಕರೆ ಬರುತ್ತದೆ, ಬೀಡಿಯೂ ಬರುತ್ತದೆ. ನಿಲ್ಲುವುದು ಸೊಪ್ಪು. ಮುದ್ದೆಯ ಪಕ್ಕಕ್ಕೆ ಬರೀ ಖಾರದ ನೀರು ಬರುತ್ತದೆ.

ಇದರ ಫಲವನ್ನು ತೋರಿಸಲು ಲೆಕ್ಕ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ. ಸೊಪ್ಪೊಂದರಿಂದಲೇ ಇದು ಗುಣವಾಗುವುದಿಲ್ಲ. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಡಕೂಡದು. ಆದರೂ ಮಗುವಿನ ತಟ್ಟೆಗೆ ದಿನವೂ ಒಂದಿಷ್ಟು ಹಸಿರು ಬೀಳುವುದು ದೊಡ್ಡ ಮಾತು. ಅದು ಪೇಟೆಯ ದರವನ್ನು ಕಾಯದಂತಾಗಬೇಕು.

ಈ ವಿಷಯವನ್ನು ಒಂದು ಊರಿನ ಸಭೆಯಲ್ಲಿ ಹೇಳಿದಾಗ, ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಸಾರ್, ಮೂರು ದಿನಕ್ಕೊಂದು ಸಲ ನಲ್ಲೀಲಿ ನೀರು ಬರುತ್ತೆ. ಕುಡಿಯೋಕೇ ಸಾಲದು. ನಿಮ್ಮ ಕುಂಡಕ್ಕೆ ಎಲ್ಲಿಂದ ತರೋಣ?"

ಪ್ರಶ್ನೆ ಸರಿಯಾದುದೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಮ್ಮ ನಂದಿಯ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಹೊಳೆ ನಮಗೆ ಒಂದೂ ಇಲ್ಲ. ಕೊಳವೆ ಬಾವಿಗಳು ಅನೇಕ ಕಡೆ ಸಾವಿರ ಅಡಿ ದಾಟಿವೆ. ಇಂಥ ಸೀಮೆಯಲ್ಲಿ ಕುಂಡಕ್ಕೆಂದು ಬೇರೆ ನೀರು ತನ್ನಿ ಎಂದು ಯಾವ ಬಾಯಲ್ಲಿ ಹೇಳಲಿ?

ನಾನು ಆ ತಾಯಿಯನ್ನು ಒಂದೇ ಕೆಲಸ ಕೇಳಿಕೊಂಡೆ. "ಅಮ್ಮ, ನಾಳೆ ಒಂದು ದಿನ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು, ಸೋಪಿಲ್ಲದೆ ಕೈ ತೊಳೆದ ನೀರು, ಇಷ್ಟನ್ನು ಬಚ್ಚಲಿಗೆ ಚೆಲ್ಲದೆ ಒಂದು ಬಕೆಟ್ಟಿಗೆ ಹಾಕಿಡಿ." ಮಾರನೆಯ ವಾರ ಹೋದಾಗ ಅವರೇ ಬಕೆಟ್ಟು ತೋರಿಸಿದರು. ಐದು ಜನರ ಸಂಸಾರ. ಸಂಜೆಗೆ ಅರ್ಧ ಬಕೆಟ್ಟಿಗಿಂತ ಹೆಚ್ಚೇ ಇತ್ತು. ಎರಡು ತೂಗುಕುಂಡಕ್ಕೆ ಬೇಸಿಗೆಯಲ್ಲೂ ದಿನಕ್ಕೆ ನಾಲ್ಕೈದು ಚೊಂಬು ಸಾಕು. ನೀವೂ ಒಂದು ದಿನ ಹೀಗೆ ಅಳೆದು ನೋಡಿ. ನನ್ನ ಮಾತನ್ನು ಆಮೇಲೆ ನಂಬಿ.

ಬಳಸಿದ ನೀರನ್ನು ಮತ್ತೆ ಬಳಸುವುದು ನಮಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಇಂದು ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹಾಯಿಸುವ ಯೋಜನೆಯೂ ನಡೆದಿದೆ. ಊರಾಚೆಯ ನೀರಿಗೆ ಇಷ್ಟು ಬೆಲೆ ಬಂದಿರುವಾಗ, ನಮ್ಮ ಅಡುಗೆಮನೆಯ ತಿಳಿನೀರನ್ನು ಬಚ್ಚಲಿಗೆ ಬಿಡುವುದು ಸರಿಯೆ?

ಇನ್ನು ಕುಂಡವನ್ನು ತೂಗುಹಾಕುವುದೇಕೆ, ನೆಲದಲ್ಲೇ ಇಡಬಾರದೆ ಎಂದು ಕೇಳಬಹುದು. ಇಡಬಹುದು, ಕೋಳಿ ಕೆದಕದಿದ್ದರೆ, ಮೇಕೆ ಬಾಯಿ ಹಾಕದಿದ್ದರೆ. ಹಾಲು ಮೊಸರನ್ನು ಬೆಕ್ಕಿನ ಬಾಯಿಂದ ಉಳಿಸಲು ನಮ್ಮ ಅಜ್ಜಿಯರು ಏನು ಮಾಡಿದರು? ಗಡಿಗೆಯನ್ನು ನೆಲುವಿನ ಮೇಲಿಟ್ಟು ಜಂತಿಗೆ ತೂಗುಹಾಕಿದರು. ತೆಲುಗು ಮಾತಾಡುವ ಮನೆಗಳಲ್ಲಿ ಇದನ್ನೇ ಉಟ್ಟಿ ಎನ್ನುತ್ತಾರೆ. ನಾನು ಹೇಳುವ ತೂಗುಕುಂಡ ಆ ನೆಲುವಿನದೇ ತಂಗಿ. ನೆಲುವಿನಲ್ಲಿ ಒಂದು ಜಾಣತನ ಉಂಟು: ಗಡಿಗೆಯ ಕಂಠಕ್ಕೆ ಹಗ್ಗ ಕಟ್ಟಿ ಎಂದೂ ತೂಗುಹಾಕುವುದಿಲ್ಲ, ತಳದಿಂದ ಎತ್ತಿ ಹಿಡಿಯುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಪಾತ್ರೆ ಆರಿಸುವುದು. ಅಡುಗೆ ಎಣ್ಣೆಯ ಕ್ಯಾನು, ಒಡೆದ ಕೊಡದ ಕೆಳಭಾಗ, ಹಳೆಯ ಬಕೆಟ್ಟು ಇವೆಲ್ಲ ಆಗುತ್ತವೆ. ಕ್ಯಾನಿನ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಅಥವಾ 5 ಇದ್ದರೆ ಒಳ್ಳೆಯದು. ಅವು ಆಹಾರ ಪದಾರ್ಥ ತುಂಬಲು ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್.

ಈಗ ಬಹಳ ಮುಖ್ಯವಾದ ಎಚ್ಚರಿಕೆ. ದ್ರಾಕ್ಷಿಗೆ, ಟೊಮೇಟೊಗೆ, ಹೂವಿಗೆ ಹೊಡೆಯುವ ಔಷಧಿಯ ಡಬ್ಬವನ್ನು ಈ ಕೆಲಸಕ್ಕೆ ಯಾವ ಕಾರಣಕ್ಕೂ ತೆಗೆದುಕೊಳ್ಳಕೂಡದು. ಡಬ್ಬದ ಮೇಲಿನ ಚೌಕದಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದಲ್ಲಿ ಯಾವುದೇ ಗುರುತು ಇದ್ದರೂ ಅದು ವಿಷದ ಡಬ್ಬವೇ. ಹಸಿರು ಗುರುತು ಇದ್ದ ಮಾತ್ರಕ್ಕೆ ಸಸ್ಯಕ್ಕೆ ಒಳ್ಳೆಯದೆಂದು ತಿಳಿಯಬೇಡಿ. "ಮೂರು ಸಲ ತೊಳೆದಿದ್ದೀನಿ ಸಾರ್" ಅಂತ ಕೆಲವರು ಹೇಳುತ್ತಾರೆ. ಮೂರು ಸಲ ತೊಳೆದ ನೀರನ್ನು ಸಿಂಪಡಿಸುವ ಡ್ರಮ್ಮಿಗೇ ಹಾಕಿ, ಡಬ್ಬಕ್ಕೆ ತೂತು ಹೊಡೆದು ಯಾರೂ ಮತ್ತೆ ಬಳಸದಂತೆ ಮಾಡಬೇಕು. ಮಕ್ಕಳು ತಿನ್ನುವ ಸೊಪ್ಪಿಗೆ ಅದು ಸಲ್ಲದು. ಬಣ್ಣದ ಡಬ್ಬ, ಗಾಡಿಯ ಆಯಿಲ್ ಡಬ್ಬ ಇವೂ ಬೇಡ.

ಇನ್ನು ಮಾಡುವ ಕ್ರಮ.

ಎಣ್ಣೆ ಕ್ಯಾನನ್ನು ಬಿಸಿನೀರು, ಸೀಗೆಪುಡಿ ಹಾಕಿ ಜಿಡ್ಡು ಹೋಗುವಂತೆ ತೊಳೆಯಿರಿ. ಮೇಲಿನ ಮೂರರಲ್ಲಿ ಒಂದು ಭಾಗವನ್ನು ಕತ್ತರಿಸಿ ತೆಗೆಯಿರಿ. ಕತ್ತರಿಸಿದ ಅಂಚು ಕೈ ಕೊಯ್ಯುತ್ತದೆ. ಅದಕ್ಕೆ ಹಳೆಯ ಡ್ರಿಪ್ಪಿನ ಸಣ್ಣ ಪೈಪನ್ನು ಅಂಚಿನಷ್ಟು ಉದ್ದಕ್ಕೆ ಕತ್ತರಿಸಿ, ಉದ್ದಕ್ಕೂ ಒಂದು ಕಡೆ ಸೀಳಿ, ಸೀರೆಗೆ ಅಂಚು ಕೂಡಿಸಿದಂತೆ ಕೂಡಿಸಿಬಿಡಿ. ಬಳಿಕ ತಳದಲ್ಲಿ ಐದಾರು ತೂತು ಮಾಡಿ. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ ಚುಚ್ಚಿದರೆ ಸುಲಭ. ಈ ಕೆಲಸ ಬಯಲಲ್ಲೇ ಆಗಲಿ, ಹೊಗೆ ಮೂಗಿಗೆ ಬಾರದಿರಲಿ. ತೂತು ಬೆರಳಿನ ಉಗುರಿಗಿಂತ ಚಿಕ್ಕದಿದ್ದರೆ ಸಾಕು. ತೂತಿಲ್ಲದ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ಪ್ಲಾಸ್ಟಿಕ್ಕಿಗೆ ಬಿಸಿಲೇ ಶತ್ರು. ಒಂದೆರಡು ವರ್ಷಕ್ಕೆ ಪುಡಿಯಾಗುತ್ತದೆ, ಒಳಗಿನ ಬೇರೂ ಬೇಯುತ್ತದೆ. ಆದುದರಿಂದ ಕ್ಯಾನಿನ ಸುತ್ತ ಗೋಣಿಯ ತುಂಡನ್ನು ಸುತ್ತಿ ಹೊಲಿಯಿರಿ. ನೋಡಲೂ ಚೆನ್ನ, ತಂಪೂ ಹೌದು.

ಈಗ ನೆಲುವು. ಎರಡು ಮಾರು ಉದ್ದದ ನಾಲ್ಕು ಹಗ್ಗ ಬೇಕು. ದನ ಕಟ್ಟುವ ಹಳೆಯ ನೈಲಾನ್ ಹಗ್ಗ ಗಟ್ಟಿಯಿದ್ದರೆ ಅದೇ ಉತ್ತಮ. ಇಲ್ಲವಾದರೆ ನೈಲೆಕ್ಸ್, ಪಾಲಿಯೆಸ್ಟರ್ ಸೀರೆಯನ್ನು ಉದ್ದುದ್ದ ಸೀಳಿ, ಜಡೆ ಹೆಣೆದಂತೆ ಮೂರೆಳೆಯಾಗಿ ಬಿಗಿಯಾಗಿ ಹೆಣೆಯಿರಿ. ನಾಲ್ಕು ಹಗ್ಗವನ್ನೂ ಸೇರಿಸಿ ನಟ್ಟನಡುವೆ ಒಂದು ದೊಡ್ಡ ಗಂಟು ಹಾಕಿ. ಗಂಟನ್ನು ನೆಲದ ಮೇಲಿಟ್ಟು ಎಂಟು ತುದಿಗಳನ್ನೂ ಸೂರ್ಯನ ಕಿರಣದಂತೆ ಹರಡಿ. ಗಂಟಿನಿಂದ ನಾಲ್ಕು ಬೆರಳು ಬಿಟ್ಟು, ಪಕ್ಕಪಕ್ಕದ ಎರಡೆರಡು ತುದಿಗಳನ್ನು ಗಂಟು ಹಾಕಿ, ನಾಲ್ಕು ಜೋಡಿಯಾಗುತ್ತದೆ. ಇನ್ನೂ ನಾಲ್ಕು ಬೆರಳು ಬಿಟ್ಟು, ಈ ಜೋಡಿಯ ಒಂದು ತುದಿಯನ್ನು ಪಕ್ಕದ ಜೋಡಿಯ ಒಂದು ತುದಿಯೊಡನೆ ಗಂಟು ಹಾಕಿ. ಬಲೆ ಸಿದ್ಧವಾಯಿತು. ಕ್ಯಾನಿನ ತಳವನ್ನು ದೊಡ್ಡ ಗಂಟಿನ ಮೇಲೆ ಕೂರಿಸಿ, ಎಂಟು ತುದಿಗಳನ್ನೂ ಮೇಲಕ್ಕೆ ಒಟ್ಟುಮಾಡಿ, ಸಮತೂಕ ನೋಡಿ ಬಿಗಿದು ಕಟ್ಟಿ. ಕ್ಯಾನಿನ ಹಿಡಿಯನ್ನು ಮಾತ್ರ ನಂಬಿ ತೂಗುಹಾಕಬೇಡಿ. ತಳದಿಂದ ಎತ್ತಿ ಹಿಡಿಯುವುದೇ ನೆಲುವಿನ ಪಾಠ.

ಹಗ್ಗದ ವಿಷಯದಲ್ಲಿ ನನಗೆ ಬುದ್ಧಿ ಬಂದ ಕಥೆಯನ್ನು ಮುಚ್ಚಿಡದೆ ಹೇಳುತ್ತೇನೆ. ಮೂರು ವರ್ಷದ ಕೆಳಗೆ ನಮ್ಮ ಮನೆಯ ಜಗುಲಿಯಲ್ಲಿ ಮೊದಲ ಕುಂಡ ತೂಗುಹಾಕಿದೆ. ಅಮ್ಮನ ಹಳೆಯ ಹತ್ತಿ ಸೀರೆಯಿಂದ ಹಗ್ಗ ಹೆಣೆದೆ. ಕೊಡಕ್ಕೆ ಬರೀ ಕೆಮ್ಮಣ್ಣು ತುಂಬಿದೆ. ಬಂದವರೆಲ್ಲ ನೋಡಿ ಹೊಗಳಿದರು. ಮಳೆಗಾಲ ಬಂತು. ಒದ್ದೆಯಾದ ಹತ್ತಿ ಒಳಗೊಳಗೇ ಕೊಳೆಯಿತು; ಆಷಾಢದ ಗಾಳಿಗೆ ಕುಂಡ ಓಲಾಡಿ, ಜಂತಿಗೆ ಉಜ್ಜಿದ ಕಡೆ ಹಗ್ಗ ಸವೆಯಿತು. ಒಂದು ಬೆಳಗ್ಗೆ ಅಮ್ಮ ಅದರ ಕೆಳಗೆ ಕೂತು ರಾಗಿ ಕೇರುತ್ತಿದ್ದವರು, ಹಾಲಿನವನು ಕೂಗಿದನೆಂದು ಎದ್ದುಹೋದರು. ಹಿಂದೆಯೇ ಕುಂಡ ಕಳಚಿ ಬಿತ್ತು. ಮೊರ ಎರಡು ತುಂಡಾಯಿತು.

ಅಮ್ಮ ಬಂದು ನೋಡಿದರು. "ಮೊರ ಹೋದರೆ ಇನ್ನೊಂದು ತರಬಹುದು. ಊರಿಗೆಲ್ಲ ಪಾಠ ಹೇಳೋನು, ನಿನ್ನ ಮನೆ ಗಂಟನ್ನ ನೀನೇ ನೋಡಲಿಲ್ವಲ್ಲೋ" ಅಂದರು. ಅಷ್ಟೇ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಅಂದಿನಿಂದ ನಾನು ನಾಲ್ಕು ಕಟ್ಟಳೆ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ.

ಒಂದು: ಹತ್ತಿ ಸೀರೆಯ ಹಗ್ಗ ಬೇಡ. ತೆಂಗಿನ ನಾರಿನ ಹಗ್ಗವಾದರೆ ವರ್ಷಕ್ಕೊಮ್ಮೆ ಬದಲಾಯಿಸಿ. ಜಂತಿಗೆ, ಕೊಂಡಿಗೆ ಉಜ್ಜುವ ಕಡೆ ಹಗ್ಗವನ್ನು ಡ್ರಿಪ್ ಪೈಪಿನ ತುಂಡಿನೊಳಗೆ ಹಾಯಿಸಿ.

ಎರಡು: ತೂಕ ತಿಳಿದು ತೂಗುಹಾಕಿ. 5 ಲೀಟರಿನ ಕತ್ತರಿಸಿದ ಕ್ಯಾನಿಗೆ ಒದ್ದೆ ಕೆಮ್ಮಣ್ಣು ಮಾತ್ರ ತುಂಬಿದರೆ ಆರೇಳು ಕಿಲೋ ತೂಗುತ್ತದೆ. ಹಗುರ ಮಿಶ್ರಣ ತುಂಬಿದರೆ ನಾಲ್ಕು ಕಿಲೋ ಆಸುಪಾಸು. ಕುಂಡ ಕಟ್ಟುವ ಮೊದಲು ಅದರ ಎರಡರಷ್ಟು ತೂಕದ ಮರಳಿನ ಚೀಲವನ್ನು ಅದೇ ಹಗ್ಗಕ್ಕೆ, ಅದೇ ಕೊಂಡಿಗೆ ಒಂದು ರಾತ್ರಿ ತೂಗುಬಿಡಿ. ಬೆಳಗ್ಗೆ ಜಗ್ಗದೆ ಇದ್ದರೆ ನಂಬಿ.

ಮೂರು: ತೊಟ್ಟಿಲು ಕಟ್ಟುವಷ್ಟು ಗಟ್ಟಿಯಾದ ಕೊಂಡಿ, ತೊಲೆ, ಕಬ್ಬಿಣದ ಪೈಪು ಇದ್ದ ಕಡೆ ಮಾತ್ರ ಕಟ್ಟಿ. ಬರೀ ಶೀಟಿಗೆ, ಗೆದ್ದಲು ಹಿಡಿದ ಜಂತಿಗೆ, ಕರೆಂಟಿನ ತಂತಿ ಹಾದ ಕಡೆ ಕೂಡದು.

ನಾಲ್ಕು: ಕುಂಡದ ಕೆಳಗೆ ಯಾರೂ ಕೂರದಂತೆ, ಮಲಗದಂತೆ ಮಾಡಬೇಕು. ಇದಕ್ಕೊಂದು ಸುಲಭ ಉಪಾಯವಿದೆ. ಕುಂಡದ ನೇರ ಕೆಳಗೆ ನೆಲದ ಮೇಲೆ ಒಂದು ಒಡೆದ ಬಕೆಟ್ಟಿಟ್ಟು ದೊಡ್ಡಪತ್ರೆ ನೆಡಿ. ಅದರ ಘಾಟಿಗೆ ಮೇಕೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಮೇಲಿನ ಕುಂಡದಿಂದ ತೊಟ್ಟಿಕ್ಕುವ ನೀರು ಇದಕ್ಕೆ ಸಾಕು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಎಂದೆನಲ್ಲ, ಅದೇ ಲೆಕ್ಕ. ಜಾಗವೂ ಭರ್ತಿಯಾಯಿತು, ನೀರೂ ಉಳಿಯಿತು, ಮಗು ಕೆಳಗೆ ಹೋಗುವುದೂ ತಪ್ಪಿತು.

ಕುಂಡಕ್ಕೆ ತುಂಬುವ ಮಿಶ್ರಣ ಹೀಗಿರಲಿ. ಜರಡಿ ಹಿಡಿದ ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಅಥವಾ ರಾಗಿ ಹೊಟ್ಟು ಒಂದು ಪಾಲು. ತಳಕ್ಕೆ ತೆಂಗಿನ ಸಿಪ್ಪೆಯ ಚೂರು ಹಾಸಿದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪು ಬೇಕಾದಷ್ಟಿರುತ್ತದೆ. ಅದು ಒಳ್ಳೆಯ ಗೊಬ್ಬರವೇ, ಆದರೆ ಗುಂಡಿಯಲ್ಲಿ ಹಾಕಿ ಪೂರಾ ಕಳಿತ ಮೇಲೆ. ಹಸಿ ಹಿಕ್ಕೆಯನ್ನು ಜಗುಲಿಗೆ ತಂದರೆ ಸುಣ್ಣಕಟ್ಟು, ಸಪ್ಪೆ ರೋಗದ ಸೋಂಕನ್ನು ಮನೆಯೊಳಕ್ಕೆ ಕರೆದಂತೆ. ಹುಳುಮನೆಯ ಬಾಗಿಲಿಗೂ ಕಿಟಕಿಗೂ ಕುಂಡ ಕಟ್ಟಬೇಡಿ. ಗಿಡಕ್ಕೆ ಹೇನು ಬಿದ್ದರೆ ಹೊಗೆಸೊಪ್ಪಿನ ಕಷಾಯ ಹೊಡೆಯಲೂಬೇಡಿ. ಅದರ ತುಂತುರು ಹಿಪ್ಪುನೇರಳೆಗೆ ತಾಗಿದರೆ ಹುಳು ಉಳಿಯುವುದಿಲ್ಲ. ಹೇನು ಹತ್ತಿದ ಎಲೆ ಕಿತ್ತು, ಬರೀ ನೀರನ್ನು ರಭಸವಾಗಿ ಎರಚಿ. ಇಷ್ಟು ಚಿಕ್ಕ ಗಿಡಕ್ಕೆ ಅದೇ ಸಾಕು.

ಏನು ಬೆಳೆಯೋಣ? ಮೊದಲ ಸಲ ಮೆಂತ್ಯ ಹಾಕಿ. ಅಡುಗೆಮನೆಯ ಡಬ್ಬದ ಮೆಂತ್ಯವೇ ಸಾಕು. ಒಂದು ರಾತ್ರಿ ನೆನೆಸಿ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ. ಮೂರು ನಾಲ್ಕು ವಾರಕ್ಕೆ ಸೊಪ್ಪು ಕೈಗೆ ಬರುತ್ತದೆ. ಕೊತ್ತಂಬರಿ ಬೀಜವನ್ನು ಕೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೊಳಕೆಗೆ ಎಂಟು ಹತ್ತು ದಿನ ಹಿಡಿಯುತ್ತದೆ, ಅವಸರ ಬೇಡ. ಪುದೀನಕ್ಕೆ ಸಂತೆಯಿಂದ ತಂದ ಕಟ್ಟಿನಲ್ಲಿ ಬಲಿತ ಕಡ್ಡಿ ಆರಿಸಿ ಚುಚ್ಚಿದರಾಯಿತು. ಬಸಳೆಯ ಕಡ್ಡಿ ನೆಟ್ಟರೆ ಹಗ್ಗ ಹಿಡಿದು ಮೇಲಕ್ಕೂ ಹಬ್ಬುತ್ತದೆ, ಕೆಳಕ್ಕೂ ಇಳಿಬೀಳುತ್ತದೆ. ಎರಡು ಕುಂಡ ಇದ್ದರೆ ಹತ್ತು ಹದಿನೈದು ದಿನ ಬಿಟ್ಟು ಬಿತ್ತಿ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಸಿದ್ಧ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಮೂಡಣ ದಿಕ್ಕಿನ ಜಗುಲಿ ಒಳ್ಳೆಯದು. ಕುಂಡ ಮನೆಯೊಡತಿಯ ಎದೆಮಟ್ಟಕ್ಕಿರಲಿ. ಎತ್ತರದಲ್ಲಿ ಕಟ್ಟಿ ಏಣಿ ಹತ್ತಿ ನೀರು ಹಾಕುವಂತಾದರೆ ಎರಡನೇ ವಾರಕ್ಕೇ ಬೇಸರ ಬರುತ್ತದೆ.

ತೂಗುಕುಂಡಕ್ಕೆ ನಾಲ್ಕೂ ಕಡೆ ಗಾಳಿ, ಬೇಗ ಒಣಗುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ತೇವವಿಲ್ಲದಿದ್ದರೆ ನೀರು ಹಾಕಿ. ಬೇಸಿಗೆಯಲ್ಲಿ ಎರಡು ಹೊತ್ತು ಬೇಕಾಗಬಹುದು. ಸೋಪಿನ ನೀರು, ಉಪ್ಪು ಬೆರೆತ ನೀರು, ಶುದ್ಧ ನೀರಿನ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರು ಹಾಕಬೇಡಿ. ಅದರಲ್ಲಿ ಲವಣ ಹೆಚ್ಚು. ತೊಳೆದ ನೀರನ್ನು ಅಂದೇ ಬಳಸಿಬಿಡಿ. ಬಕೆಟ್ಟಿನಲ್ಲಾಗಲಿ ತಟ್ಟೆಯಲ್ಲಾಗಲಿ ವಾರಗಟ್ಟಲೆ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಅದರಲ್ಲೇ ಸಂಸಾರ ಹೂಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಹಗ್ಗ, ಗಂಟು, ಕೊಂಡಿ, ನಿಂತ ನೀರು ನಾಲ್ಕನ್ನೂ ನೋಡಿ.

ಎರಡು ಕುಂಡದಿಂದ ಸಂಸಾರಕ್ಕೆಲ್ಲ ಸಾಲುವಷ್ಟು ಸೊಪ್ಪು ಬರುತ್ತದೆಂದು ನಾನು ಆಸೆ ಹಚ್ಚುವುದಿಲ್ಲ. ಒಬ್ಬ ಹೆಂಗಸಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಬೇಕೆಂದು ಆಹಾರ ತಜ್ಞರು ಹೇಳುತ್ತಾರೆ. ಎರಡು ಕುಂಡ ಕೊಡುವುದು ಕೂಸಿನ ಪಾಲಿನ ಸೊಪ್ಪು, ಸಾರಿನ ಕೊತ್ತಂಬರಿ, ಚಟ್ನಿಯ ಪುದೀನ, ಆಗೀಗ ಒಂದು ಮಸ್ಸೊಪ್ಪು. ಆರು ಕುಂಡವಾದಾಗ ವಾರದಲ್ಲಿ ಎರಡು ದಿನ ಒಲೆಯ ಮೇಲೆ ಮನೆಯ ಸೊಪ್ಪೇ ಬೇಯುತ್ತದೆ. ಉಣ್ಣುವಾಗ ಒಂದು ಹೋಳು ನಿಂಬೆ ಹಿಂಡಿಕೊಳ್ಳಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಅದು ಸಹಾಯ. ಊಟದ ಜೊತೆಗೇ ಟೀ, ಕಾಫಿ ಕುಡಿದರೆ ಆ ಸಾರ ಹೋಗಿಬಿಡುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಅಂದು ಪ್ರಶ್ನೆ ಕೇಳಿದ ಆ ತಾಯಿಯ ಮನೆಗೆ ಈ ಸಲ ಹೋದಾಗ, ಜಗುಲಿಯಲ್ಲಿ ನಾಲ್ಕು ಕುಂಡ ತೂಗುತ್ತಿದ್ದವು. ಕೆಳಗೆ ದೊಡ್ಡಪತ್ರೆ ಹುಲುಸಾಗಿತ್ತು. "ಗೂಡಿನ ರೇಟು ಬಿದ್ದೋಯ್ತು ಸಾರ್, ಆದರೂ ಸೊಪ್ಪಿನ ಸಾರು ನಿಲ್ಲಲಿಲ್ಲ" ಅಂದರು. ಅವರ ಮೊಮ್ಮಗಳು ಚೊಂಬು ಹಿಡಿದು ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು. ಆ ಕೆಲಸ ಅವಳದೇ ಅಂತೆ. ಬೇರೆ ಯಾರಿಗೂ ಬಿಡುವುದಿಲ್ಲವಂತೆ.

ನಾಳೆ ಬೆಳಗ್ಗೆ ಅಕ್ಕಿ ತೊಳೆಯುವಾಗ ಆ ನೀರನ್ನು ಚೆಲ್ಲಬೇಡಿ. ಒಂದು ಬಕೆಟ್ಟು ಪಕ್ಕಕ್ಕಿಡಿ. ಮಿಕ್ಕ ಕೆಲಸ ಅಲ್ಲಿಂದ ಮುಂದಕ್ಕೆ ತಾನೇ ನಡೆಯುತ್ತದೆ. ಏನಾದರೂ ಅನುಮಾನ ಬಂದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಚಿಂತಾಮಣಿಯ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು. ಕುಂಡ ಕಟ್ಟಿದ ಮೇಲೆ ಗಂಟು ಒಮ್ಮೆ ಜಗ್ಗಿ ನೋಡುವುದನ್ನು ಮರೆಯಬೇಡಿ.